ಅಮ್ಮ ಎಸೆದ ರಾಕ್ಷಸರು

"ಒಂದನ್ನೂ ಎಸೆಯಲ್ಲ ಕಣೋ, ನೀನು ಹೋಗಿ ಬಾ," ಎಂದು ವರ್ನಾ ಮಗನಿಗೆ ಮಾತು ಕೊಟ್ಟಿದ್ದಳು. ಡೆನಿಸ್ ಆಗ ಸೈನ್ಯಕ್ಕೆ ಹೊರಟಿದ್ದ ಹುಡುಗ. ಪೆಟ್ಟಿಗೆಯ ತುಂಬ ಅವನು ಕೂಡಿಟ್ಟ ರಾಕ್ಷಸರ ಕಥೆಗಳ ಪತ್ರಿಕೆಗಳು; ಮುಖಪುಟಗಳಲ್ಲಿ ಹಸಿರು ಮೋರೆ, ಕೆಂಪು ಕೋರೆ. ಅವನು ಮರಳುವಷ್ಟರಲ್ಲಿ ಅವಳು ಮನೆ ಬದಲಿಸಿದ್ದಳು. ಪೆಟ್ಟಿಗೆ ಇರಲಿಲ್ಲ.

ಈಗ ಡೆನಿಸ್‌ಗೆ ಐವತ್ತರ ಹತ್ತಿರ. ಓಹಾಯೋದ ಅಗ್ನಿಶಾಮಕ ಠಾಣೆಯ ಸಭಾಂಗಣದಲ್ಲಿ ವರ್ಷಕ್ಕೊಮ್ಮೆ ಹಳೆಯ ಪತ್ರಿಕೆಗಳ ಸಂತೆ. ನರೆತ ಗಡ್ಡದ ಗಂಡಸರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಹಾಲಿಗೆ ಹಾಕಿದ ಬಣ್ಣಬಣ್ಣದ ಸಿಹಿ ಕಾರ್ನ್‌ಫ್ಲೇಕ್ಸ್ ತಿನ್ನುತ್ತ, ಟಿವಿಯಲ್ಲಿ ಬಾಲ್ಯದ ಕಾರ್ಟೂನ್ ನೋಡುತ್ತಿದ್ದರು. ಇಲ್ಲಿ ಪರಿಚಯವಾದರೆ ಮೊದಲು ಕೇಳುವುದು ಹೆಸರನ್ನಲ್ಲ. "ನಿಮ್ಮದನ್ನೂ ಅಮ್ಮನೇ ಎಸೆದದ್ದಾ?"

ಡೆನಿಸ್ ಈ ಗೋಳಿನ ದೊರೆ. "ನನ್ನ ಪತ್ರಿಕೆಗಳ ಮೇಲೆ ಒಂದು ಗೀರೂ ಇರಲಿಲ್ಲ ಕಣ್ರೋ!" ಅದಕ್ಕೇ ಅವನನ್ನು ಸಂಗ್ರಾಹಕರ ಸಂಘದ ಅಧ್ಯಕ್ಷನನ್ನಾಗಿ ಮಾಡಿದ್ದರು. ವರ್ನಾಳನ್ನು ಕಾಣದವರೂ ಅವಳನ್ನು ರಾಕ್ಷಸಿಯರ ಸಾಲಿಗೆ ಸೇರಿಸಿದ್ದರು. ಎಸೆದ ನೆನಪೇ ಇಲ್ಲ ಎಂದು ಅವಳು ಹೇಳಿದಾಗಲೆಲ್ಲ ಮಗ ನಕ್ಕಿದ್ದ.

ಈ ವರ್ಷ ಅವಳೇ ಕಾರು ಓಡಿಸಿಕೊಂಡು ಬಂದಳು. "ನಾನು ಎಸೆದೆ ಅನ್ನೋ ಮಾತು ಇವತ್ತಿಗೆ ಮುಗೀಬೇಕು ಡೆನಿಸ್. ಸಾಯೋ ಮೊದಲು ನನ್ನ ಹೆಸರು ಸರಿಯಾಗ್ಬೇಕು."

"ಕ್ಷಮೆ ಕೇಳೋಕೆ ಬಂದಿದ್ದಾಳೆ," ಎಂದು ಡೆನಿಸ್, ಹಳೆಯ ಪತ್ರಿಕೆ ಕೊಂಡು ಮಾರುವ ಅಂಗಡಿಯ ಹ್ಯಾಂಕ್‌ನ ಕಿವಿಯಲ್ಲಿ ಹೇಳಿದ.

ಅಷ್ಟರಲ್ಲಿ ಯಾರೋ ಒಂದು ಪತ್ರಿಕೆ ಮಾರಲು ತಂದರು. ಹ್ಯಾಂಕ್ ನೇರ ಕೊನೆಯ ಪುಟ ತೆರೆದ. ನಡುವೆ ಚೌಕಾಕಾರದ ತೂತು.

"ಜಾಹೀರಾತಿನ ಕೂಪನ್ ಕತ್ತರಿಸಿ, ಆಟಿಕೆ ತರಿಸೋಕೆ ಅಂಚೆಗೆ ಹಾಕಿದ್ದೀರಿ. ರಬ್ಬರ್ ಮುಖವಾಡ ಬಂತಾ? ಹಾಕ್ಕೊಂಡೇ ಮನೆಗೆ ಹೋಗಿ. ಇದು ಒಲೆಗೆ ಮಾತ್ರ ಲಾಯಕ್ಕು."

ಎಲ್ಲರಿಗಿಂತ ಜೋರಾಗಿ ನಕ್ಕವನು ಡೆನಿಸ್. "ಅಂಥ ಮುಠ್ಠಾಳ ಕೆಲಸ ನಾನು ಮಾಡಿದವನಲ್ಲಪ್ಪ!"

ವರ್ನಾ ಮಗನ ಮುಖವನ್ನೇ ನೋಡಿದಳು.

"ಅಮ್ಮಾ," ಹ್ಯಾಂಕ್ ಕರೆದ, "ಇವನ ಪುರಾಣ ಕೇಳಿ ಕೇಳಿ ಕಿವಿ ತೂತಾಗಿದೆ. ನೀವೇ ಹೇಳಿ. ನಿಜವಾಗ್ಲೂ ಎಸೆದ್ರಾ?"

ಯಾರೋ ಟಿವಿಯ ಸದ್ದು ತಗ್ಗಿಸಿದರು. ಡೆನಿಸ್‌ನ ಚಮಚ ಬಾಯಿಯ ಹತ್ತಿರವೇ ನಿಂತಿತು.

ವರ್ನಾ ಕೈಯಲ್ಲಿದ್ದ ಕಾರಿನ ಕೀಲಿಯನ್ನು ಚೀಲದೊಳಗೆ ಹಾಕಿದಳು.

"ಎಸೆದೆ," ಎಂದಳು. "ಎಲ್ಲಾನೂ. ಎಲ್ಲಾ ಹೊಚ್ಚ ಹೊಸದರ ಹಾಗೇ ಇದ್ವು."

ಸಭೆಯಿಡೀ "ಅಯ್ಯೋ!" ಎಂದಿತು. ಡೆನಿಸ್ ಅವಳನ್ನು ತಬ್ಬಿಕೊಂಡ. ಅವನ ಮುಖ ಹಬ್ಬದಂತಿತ್ತು. "ಹೋಗ್ಲಿ ಬಿಡಮ್ಮ. ಕ್ಷಮಿಸಿದ್ದೀನಿ."

ಹೊರಗೆ ಅವಳ ಕಾರಿನ ಡಿಕ್ಕಿಯಲ್ಲಿ, ಮನೆ ಬದಲಿಸುವಾಗ ತನ್ನ ತಂಗಿಯ ಅಟ್ಟದಲ್ಲಿಟ್ಟು ಮರೆತು, ಹೋದ ತಿಂಗಳು ಸಿಕ್ಕ ಅದೇ ಪೆಟ್ಟಿಗೆ ಇತ್ತು. ಒಂದೊಂದು ಪತ್ರಿಕೆಯ ಕೊನೆಯ ಪುಟದಲ್ಲೂ, ಮಕ್ಕಳ ಕತ್ತರಿಯಿಂದ ಸೊಟ್ಟಗೆ ಕತ್ತರಿಸಿದ ತೂತು. ವರ್ನಾ ಒಂದನ್ನೂ ಎಸೆದಿರಲಿಲ್ಲ. ಕೊಟ್ಟ ಮಾತು ಉಳಿಸಿಕೊಂಡಿದ್ದಳು.