ಮೊದಲು ತನ್ನ ಕೆನ್ನೆಗೆ

ಬೀದರಿನ ಚರ್ಮದ ಕ್ಲಿನಿಕ್ಕಿನಲ್ಲಿ ಡಾಕ್ಟರ್ ತಸ್ಲೀಮ ಹತ್ತಿಯಿಂದ ಶಿವಕಾಂತಾಳ ಕೆನ್ನೆ ಒರೆಸಿದರು. ಔಷಧಿ ಇನ್ನೂ ಬಾಟಲಿಯಲ್ಲೇ ಇತ್ತು, ಆದರೂ ಆಕೆ ಉರಿಗೆ ಮುಖ ಕಿವುಚಿದಳು. "ಮುಖಕ್ಕ ಏನ್ ಹಚ್ಕೊಂಡೀರಿ?" "ಏನಿಲ್ರೀ."

ಪಕ್ಕದಲ್ಲಿದ್ದ ಮಗಳು ಮೇಘರಾಣಿಗೆ ಅವಸರ. ಬರುವ ವಾರ ಭಾಲ್ಕಿಯಲ್ಲಿ ಅವಳ ಮದುವೆ. "ಮ್ಯಾಲಿನ ಚರ್ಮ ಸುಲಿಯೋ ಆ ಪೀಲೂ ಲೇಸರೂ ಎರಡೂ ಇವತ್ತೇ ಮಾಡಿಬಿಡ್ರಿ ಮೇಡಂ. ಫೋಟೋದಾಗ ಅವ್ವ ಮುದುಕಿ ಆದಂಗ ಕಾಣ್ತಾಳ."

"ಎರಡೂ ಕೂಡೇ ಮಾಡಿದ್ರ ಮುಖ ಸುಡ್ತದ," ಎಂದರು ಡಾಕ್ಟರ್. ದಿನವೂ ಹೇಳಿ ಹೇಳಿ ಸವೆದುಹೋದ ಮಾತು. ಕೆಂಪೇರಿದ ಕೆನ್ನೆಯನ್ನು ಬೆಳಕಿಗೆ ತಿರುಗಿಸಿ ಮತ್ತೆ ಕೇಳಿದಾಗ ಶಿವಕಾಂತಾ ಕಣ್ಣು ತೆರೆಯದೆಯೇ ಹೇಳಿದಳು: "ಇಕಿ ಮದುವಿಗಿ ತಂದ ಕ್ರೀಮ್ ರೀ. ಇಕಿಗಿ ಉರೀತದೇನೋ ಅಂತ ಮೊದಲ ನಾನೇ ದಿನಾ ಹಚ್ಕೊಂಡು ನೋಡ್ಲಾಕತ್ತೀನಿ."

ಔಷಧಿ ಹಚ್ಚಲು ಎತ್ತಿಕೊಂಡಿದ್ದ ಬ್ರಷ್ಷನ್ನು ಡಾಕ್ಟರ್ ಕೆಳಗಿಟ್ಟರು. "ಇವತ್ತ ಏನೂ ಮಾಡಂಗಿಲ್ಲ. ಆ ಕ್ರೀಮ್ ಇಬ್ಬರೂ ಬಿಡ್ರಿ. ಮದುವಿ ಮುಗೀಲಿ, ಚರ್ಮ ಸುಧಾರಿಸಲಿ, ಆಮ್ಯಾಲ ಒಂದೊಂದೇ ನೋಡೋಣು." ತಣ್ಣೀರಲ್ಲಿ ಅದ್ದಿದ ಬಟ್ಟೆಯನ್ನು ಕೆನ್ನೆಗಳ ಮೇಲೆ ಹರಡಿದರು. ಆ ತಂಪಿಗೇ ಕಾದಿದ್ದವಳಂತೆ ಶಿವಕಾಂತಾ ಬಾಯಿ ತೆರೆದು ನಿದ್ದೆಹೋದಳು. ಹಣೆಯ ಗೆರೆಗಳು ಒಂದೊಂದಾಗಿ ಸಡಿಲವಾದವು.

ಅವ್ವನ ಚೀಲದಲ್ಲಿ ಫೋನು ಹೊಡೆದುಕೊಂಡಿತು. ಮೇಘರಾಣಿ ತಟ್ಟನೆ ಎತ್ತಿಕೊಂಡಳು. ಭಾಲ್ಕಿಯಿಂದ ಅಪ್ಪ: "ಮನಿ ತುಂಬ ಮಂದಿ ಬಂದಾರ. ನಿಮ್ಮವ್ವಗ ಜಲ್ದಿ ಕರ್ಕೊಂಡು ಬಾ."

ಅವಳು ನಿದ್ದೆಯಲ್ಲಿದ್ದ ಅವ್ವನ ಮುಖವನ್ನು ನೋಡುತ್ತಲೇ ನಿಂತಳು. ಆಮೇಲೆ ಬಾಗಿಲಾಚೆ ಸರಿದು ಮೆಲ್ಲಗೆ ಹೇಳಿದಳು: "ಟ್ರೀಟ್‌ಮೆಂಟ್ ನಡದದ ಅಪ್ಪಾ. ಇನ್ನೂ ಭಾಳ ಹೊತ್ತಾಗ್ತದ."