ಮೂಲೆಯ ಮೂರು ಮನೆ

ಕತ್ತರಿ ಹುಡುಕುವಷ್ಟು ತಾಳ್ಮೆ ಸೋಮನಾಥನಿಗೆ ಇರಲಿಲ್ಲ. ಶೃಂಗೇರಿಯ ಅಂಚೆ ಮುದ್ರೆ ಕಂಡದ್ದೇ ಲಕೋಟೆಯನ್ನು ಹಲ್ಲಿನಿಂದ ಕಚ್ಚಿ ಹರಿದ. ಒಳಗಿದ್ದದ್ದು ಪತ್ರಿಕೆಯಿಂದ ಕತ್ತರಿಸಿದ ಪದಬಂಧದ ಚೌಕ. ಎಲ್ಲ ಮನೆಗಳೂ ಭರ್ತಿ. ಕಳಿಸಿದವರ ಹೆಸರಿಲ್ಲ, ಎಂದಿನಂತೆ.

ಅವನ ಕಣ್ಣು ಮೊದಲು ಹೋದದ್ದು ಬಲಗಡೆಯ ಕೆಳಮೂಲೆಗೆ. ಅಲ್ಲಿ ‘ಜಿಗಣೆ’ ಎಂದಿತ್ತು.

“ಬದುಕಿದಾಳೆ,” ಎಂದ ಜೋರಾಗಿ. ಕೊಪ್ಪದ ಬಸ್ ಸ್ಟ್ಯಾಂಡ್ ಎದುರಿನ ಅವನ ಸ್ಟೇಷನರಿ ಅಂಗಡಿಯಲ್ಲಿ ಪೆನ್ನು ಗೀಚಿ ನೋಡುತ್ತಿದ್ದ ಗಿರಾಕಿ ಬೆಚ್ಚಿಬಿದ್ದ.

ಊರಿನ ವಾರಪತ್ರಿಕೆಗೆ ಪದಬಂಧ ಕಟ್ಟುವವನು ಸೋಮನಾಥ. ಓದುಗರ ಉತ್ತರಗಳನ್ನು ತಿದ್ದುವವನೂ ಅವನೇ. ಸಿನಿಮಾ, ಕ್ರಿಕೆಟ್, ಭೂಗೋಳ, ಗ್ರಹಗತಿ, ಯಾವುದನ್ನೂ ಬಿಟ್ಟವನಲ್ಲ. ‘ಸಿನಿಮಾದಲ್ಲಿ ಎಲ್ಲ ಮುಗಿದ ಮೇಲೆ ತಪ್ಪದೆ ಬರುವವರು’ ಎಂದರೆ ಪೊಲೀಸರು. ‘ಉಂಗುರ ತೊಟ್ಟರೂ ಯಾರೂ ಮನೆಗೆ ಕರೆಯದವನು’ ಎಂದರೆ ಶನಿ. ಇಂಥ ಸುಳಿವುಗಳಿಗೆ ನರಸಿಂಹರಾಜಪುರದ ತನಕ ಅಭಿಮಾನಿಗಳಿದ್ದರು.

ಮಗಳು ರಮ್ಯಶ್ರೀ ಹೋದ ಮೇಲೆ ಮೂಲೆಯ ಸುಳಿವು ಮಾತ್ರ ಹದಗೆಟ್ಟಿತು. ‘ಚಂದ್ರನ ಸ್ವಂತ ಊರು’ ಎಂದು ಕೇಳಿ, ಉತ್ತರ ಬಾಳೆಹೊನ್ನೂರು ಎಂದ. ಓದುಗರು ಉಗಿದರು. ಚಂದ್ರ ಆ ದಿಕ್ಕಿನ ಗುಡ್ಡದ ಹಿಂದಿನಿಂದ ಬರುತ್ತಾನೆ, ಹಾಗಾಗಿ ಅವನ ಮನೆ ಅಲ್ಲೇ ಎಂದು ಹಟ ಹಿಡಿದಿದ್ದ ಪುಟ್ಟ ಹುಡುಗಿಯೊಬ್ಬಳಿದ್ದಳೆಂದು ಓದುಗರಿಗೇನು ಗೊತ್ತು? ಬೇರೆ ಯಾವ ಪದವೂ ತಾಗದಂತೆ ಆ ಮನೆಗಳನ್ನು ಅವನು ಮೂಲೆಯಲ್ಲಿ ಒಂಟಿಯಾಗಿ ಬಿಡುತ್ತಿದ್ದ. ಪದಬಂಧ ಕಟ್ಟುವವರಲ್ಲಿ ಅದು ಮಹಾಪರಾಧ. ಅಕ್ಕಪಕ್ಕದ ಅಕ್ಷರ ಹಿಡಿದು ಊಹಿಸುವಂತಿಲ್ಲ. ಅವನಿಗೆ ಬೇಕಾದದ್ದೂ ಅದೇ: ಮಗಳು ಮಾತ್ರ ತುಂಬಬಲ್ಲ ಮನೆಗಳು.

ಮೆಚ್ಚಿದವನನ್ನು ಮದುವೆಯಾಗುತ್ತೇನೆ ಎಂದ ಮಗಳಿಗೆ “ನನ್ನ ಪಾಲಿಗೆ ನೀನಿಲ್ಲ” ಎಂದುಬಿಟ್ಟಿದ್ದ. ಮರುದಿನ ಅವಳ ಬ್ಯಾಗು ಹರಿಹರಪುರದ ಹತ್ತಿರ ಹೊಳೆದಂಡೆಯಲ್ಲಿ ಸಿಕ್ಕಿತು. ಬೇರೇನೂ ಸಿಗಲಿಲ್ಲ. ಸೋಮನಾಥ ಊಟ ಬಿಟ್ಟ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿ ಕರೆತಂದ ಮೇಲೂ ತಟ್ಟೆಯ ಮುಂದೆ ಸುಮ್ಮನೆ ಕೂರುತ್ತಿದ್ದ. ಹೀಗೇ ಆದರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೆಂಡತಿ ಗೋದಾವರಿಯನ್ನು ಹೊರಗೆ ಕರೆದು ಹೇಳಿದ್ದರು. ಅಷ್ಟರಲ್ಲಿ ಶೃಂಗೇರಿಯಿಂದ ಮೊದಲ ಲಕೋಟೆ ಬಂತು. ಮೂಲೆಯಲ್ಲಿ ‘ಬಾಳೆಹೊನ್ನೂರು’ ಎಂದಿತ್ತು. ಆ ಮಧ್ಯಾಹ್ನ ಅವನು ಬಡಿಸಿದ್ದನ್ನೆಲ್ಲ ಉಂಡ. ಅಲ್ಲಿಂದ ಒಂದು ವಾರವೂ ಲಕೋಟೆ ತಪ್ಪಿರಲಿಲ್ಲ.

ಇವತ್ತು ಉಳಿದ ಲಕೋಟೆಗಳನ್ನು ಒಡೆಯಲೇ ಇಲ್ಲ. ಅಂಗಡಿಯ ಬಾಗಿಲೆಳೆದು ಮನೆಗೆ ಓಡಿದ.

“ನೋಡೇ! ಜಿಗಣೆ ಅಂತ ಬರ್ದಿದಾಳೆ!”

ಕಿಗ್ಗದ ಕಾಡಿನಲ್ಲಿ ಕಾಲಿಗೆ ಜಿಗಣೆ ಹತ್ತಿ ಅವನು ಕುಣಿದಾಡಿದ ದಿನ, ಲೋಕದಲ್ಲೇ ಭಯಂಕರ ಪ್ರಾಣಿ ಹುಲಿಯಲ್ಲ, ಜಿಗಣೆ ಎಂದು ಮಗಳು ತೀರ್ಪು ಕೊಟ್ಟಿದ್ದಳು. ಅದನ್ನೇ ಸೋಮನಾಥ ಹೋದ ವಾರ ‘ಲೋಕದ ಅತಿ ಭಯಂಕರ ಪ್ರಾಣಿ’ ಎಂಬ ಸುಳಿವಾಗಿಸಿದ್ದ. ಕರಡನ್ನು ಊಟದ ಮೇಜಿನ ಮೇಲೆಯೇ ಬಿಟ್ಟು ಏಳುವುದು ಅವನ ಅಭ್ಯಾಸ. ಅದನ್ನು ಎತ್ತಿಟ್ಟು, ಮೇಜು ಒರೆಸಿ, ಬಡಿಸುವುದು ಗೋದಾವರಿಯ ಅಭ್ಯಾಸ. ಪತ್ರಿಕೆ ಅಚ್ಚಾದ ಮೇಲೆ ಮಾತ್ರ ಅವನು ಆ ಪುಟದ ಕಡೆ ತಲೆಹಾಕುತ್ತಿರಲಿಲ್ಲ. ತಪ್ಪು ಕಂಡರೆ ವಾರವಿಡೀ ನಿದ್ದೆ ಬಾರದು.

ಗೋದಾವರಿ ಚೌಕವನ್ನು ನೋಡಿದಳು, ಮುಟ್ಟಲಿಲ್ಲ. “ಕೈ ತೊಳೀರಿ ಮೊದ್ಲು. ಅನ್ನ ಆರ್ತದೆ.”

“ಈ ‘ಣೆ’ ನೋಡು. ಥೇಟ್ ಅವಳದ್ದೇ.”

“ಹೌದು. ಅವಳಿಗೆ ಅಕ್ಷರ ತಿದ್ದಿಸಿದ್ದು ನಾನೇ ಅಲ್ವಾ.”

ಅವನು ಸಾರು ಕಲಸಿ ಗಬಗಬ ಉಂಡ. ಗೋದಾವರಿಯ ಅಕ್ಕ ಜಲಜಮ್ಮ ಇರುವುದು ಕಿಗ್ಗದಲ್ಲಿ. ಕಾಯಿಲೆಯ ಅಕ್ಕನನ್ನು ನೋಡಲು ಗೋದಾವರಿ ವಾರಕ್ಕೊಮ್ಮೆ ಶೃಂಗೇರಿಗೆ ಹೋಗಿ ಬಸ್ಸು ಬದಲಿಸುತ್ತಿದ್ದಳು. ಹೋದಾಗೆಲ್ಲ ಅಲ್ಲಿ ಸುತ್ತ ಕಣ್ಣಾಡಿಸಿ ಬಾ ಎಂದು ಅವನು ಗೋಗರೆಯುತ್ತಿದ್ದ.

“ಈ ಸಲ ನಾನೂ ಬರ್ತೆ. ಪೋಸ್ಟ್ ಡಬ್ಬಿ ಎದುರಿಗೇ ಕಾಯ್ತೆ. ಹಾಕೋಕೆ ಬರ್ಲೇಬೇಕಲ್ಲ?”

“ಬೇಡ.” ಗೋದಾವರಿಯ ಕೈಯ ಸೌಟು ನಿಂತಿತು. “ನೀವು ಕಾದ್ರೆ ಯಾರೂ ಬರೋದಿಲ್ಲ. ಕಾಗದ ಬರೋದೂ ನಿಂತ್ಹೋಗ್ತದೆ.”

ಹಾಗಾದೀತು ಎಂದು ಅವನಿಗೂ ಭಯವಾಯಿತು. ಮಗಳ ಸಿಟ್ಟು ತನ್ನದೇ ಸಿಟ್ಟು, ಗೊತ್ತಿದ್ದದ್ದೇ. ಬದುಕಿದ್ದಾಳಲ್ಲ, ಅಷ್ಟು ಸಾಕು ಎಂದುಕೊಂಡು ಇನ್ನೊಂದು ತುತ್ತು ಎತ್ತಿದ.

ಆಗ ಫೋನ್ ಬಂತು. ಪತ್ರಿಕೆಯ ಸಂಪಾದಕ ಯೋಗೇಂದ್ರ.

“ಬೈಬೇಡ ಮಾರಾಯ. ಹೋದ ವಾರ ಕೊನೇ ಗಳಿಗೇಲಿ ಪಂಪ್‌ಸೆಟ್ ಜಾಹೀರಾತು ಬಂತು, ಜಾಗ ಇರ್ಲಿಲ್ಲ. ನಿನ್ನ ಕೊನೇ ಸುಳಿವನ್ನ ನಾನೇ ಕಿತ್ತು ಹಾಕ್ದೆ. ಮೂಲೆಯ ಮೂರು ಮನೆಗೆ ಸುಳಿವೇ ಇಲ್ಲ ಅಂತ ಜನ ಒಂದೇ ಸಮ ಫೋನ್ ಮಾಡ್ತಿದಾರೆ. ಎಲ್ರೂ ಖಾಲಿ ಬಿಟ್ಟು ಕಳ್ಸಿರ್ತಾರೆ, ತಪ್ಪು ಅಂತ ಹಾಕ್ಬೇಡ ಅಷ್ಟೆ.”

ಸೋಮನಾಥ ಫೋನ್ ಕೆಳಗಿಟ್ಟ. ಮೇಜಿನ ಮೇಲಿದ್ದ ಚೌಕವನ್ನು ನೋಡಿದ. ಮೂರು ಮನೆಗಳಲ್ಲಿ ಮೂರು ದುಂಡು ಅಕ್ಷರ.

“ಯಾರದ್ದು ಫೋನು?” ಗೋದಾವರಿ ಕೇಳಿದಳು.

“ಯೋಗೇಂದ್ರಂದು. ಏನಿಲ್ಲ.” ಅವನು ತಟ್ಟೆಯನ್ನು ಅವಳತ್ತ ಸರಿಸಿದ. “ಇನ್ನೊಂದು ಸೌಟು ಅನ್ನ ಹಾಕು.”

ಅಚ್ಚಾಗದ ಆ ಸುಳಿವನ್ನು ಓದಿದ್ದವರು ಲೋಕದಲ್ಲಿ ಮೂವರೇ: ಬರೆದ ಅವನು, ಕಿತ್ತು ಹಾಕಿದ ಯೋಗೇಂದ್ರ, ಮತ್ತು ಊಟದ ಮೇಜು ಒರೆಸುವ ಗೋದಾವರಿ.