ತೆರೆಯಬಾರದ ಪ್ರೇಮಪತ್ರ

"ಯಾರ್ರೀ ಓಪನ್ ಮಾಡಿದ್ದು? ಕೈ ಎತ್ತಿ!"

ಪದ್ಮನಾಭನಗರದ ಪಾರ್ಕಿನಲ್ಲಿ ಒಂದು ಕೈಯೂ ಮೇಲೇಳಲಿಲ್ಲ. ಸೀನು ಎಲ್ಲರನ್ನೂ ದುರುಗುಟ್ಟಿ ನೋಡಿದ. ಬ್ಯಾಂಕಿನಿಂದ ವಿ.ಆರ್.ಎಸ್. ತೆಗೆದುಕೊಂಡ ಮೇಲೆ ಬಡಾವಣೆಯ ಇಮೇಲ್ ಗುಂಪಿಗೆ ಬ್ರಹ್ಮಚಾರಿಯಾದ ಅವನೇ ಕಾವಲು. ಖೋಟಾ ನೋಟು ಹಿಡಿಯುತ್ತಿದ್ದ ಕಣ್ಣು ಈಗ ಖೋಟಾ ಮೇಲ್ ಹಿಡಿಯುತ್ತಿತ್ತು.

ಮನೆಗಳಿಗೆ ಕಂಪ್ಯೂಟರ್ ಬಂದ ಹೊಸತು. 'ನಿಮಗೊಂದು ಲವ್ ಲೆಟರ್' ಎಂಬ ತಲೆಬರಹ ಹೊತ್ತು ವೈರಸ್ ಬಂದಿತ್ತು. ತೆರೆದವರ ಹೆಸರಿನಲ್ಲೇ ಅದು ಗುಂಪಿನವರಿಗೆಲ್ಲ ಹಾರುತ್ತಿತ್ತು. ಸೀನು ಕೂಡಲೇ ಎಚ್ಚರಿಕೆ ಕಳಿಸಿದ: 'ಇಂಥದ್ದನ್ನು ತೆರೆಯಬೇಡಿ.' ಗುರುತು ಸಿಗಲಿ ಎಂದು ವೈರಸ್ಸನ್ನೂ ಜೊತೆಗಿಟ್ಟ. ಏನನ್ನು ತೆರೆಯಬಾರದು ಎಂದು ನೋಡಲು ಇಡೀ ಬಡಾವಣೆ ತೆರೆಯಿತು.

"ನಾನಂತೂ ತೆರೆದಿಲ್ಲಪ್ಪ," ಎಂದರು ಸರಸ್ವತಮ್ಮ. "ನಮ್ಮನೆಯವ್ರು ತೆರೆದಿದಾರಾ ಅಂತ ನೋಡಕ್ಕೆ ಒಂದ್ಸಲ ತೆರೆದೆ, ಅಷ್ಟೇ."

ಹಿಂದಿನ ಬೆಂಚಿನಲ್ಲಿದ್ದ ಮೈತ್ರೇಯಿ ನಗಲಿಲ್ಲ. ಮನೆಯಲ್ಲೇ ಟ್ಯೂಷನ್ ಹೇಳುತ್ತ ಒಂಟಿಯಾಗಿ ನಲವತ್ತು ದಾಟಿದವಳು. ಅವಳ ಹೆಸರಿನಿಂದಲೂ ಸೀನುವಿಗೆ ಒಂದು ಲವ್ ಲೆಟರ್ ಹೋಗಿತ್ತು. ಅವನು ತೆರೆದನೋ, ಇಲ್ಲವೋ? ಅದು ತಿಳಿಯದೆ ಅವಳಿಗೆ ಊಟ ಸೇರುತ್ತಿರಲಿಲ್ಲ. ತೆರೆದಿದ್ದರೆ ಈ ಪಾರ್ಕಿನಲ್ಲಿ ಮತ್ತೆ ತಲೆ ಎತ್ತಿ ನಡೆಯುವುದು ಹೇಗೆ?

"ಮೈತ್ರೇಯಿ ಮೇಡಂ, ನಿಮ್ದೂ ಬಂದಿತ್ತು."

"ನೀವು... ಓಪನ್ ಮಾಡಿದ್ರಾ ಸಾರ್?"

"ನಾನಾ? 'ಲವ್ ಲೆಟರ್' ಅಂತ ನೋಡ್ತಿದ್ದ ಹಾಗೇ ಡಿಲೀಟ್!"

ಎಲ್ಲರೂ ಚಪ್ಪಾಳೆ ತಟ್ಟಿದರು. ಮೈತ್ರೇಯಿಯೂ ತಟ್ಟಿದಳು, ಕೊಂಚ ತಡವಾಗಿ.

"ನನಗ್ಯಾಕೆ ಬರ್ಲಿಲ್ಲ ಮೇಡಂ?" ಬಡಾವಣೆ ಸಂಘದ ಅಧ್ಯಕ್ಷ ಸುಮೇಧರು ಕೊರಗಿದರು. "ನಮ್ಮ ಸಂಘದ ಆಡಿಟರ್ರ ಲವ್ ಲೆಟರ್ ಕೂಡ ಬಂತು. ನಿಮ್ದು ಮಾತ್ರ ಇಲ್ಲ."

ತಮಗೂ ಇಲ್ಲ, ತಮಗೂ ಇಲ್ಲ ಎಂದರು ಉಳಿದವರು. ಸೀನು ಹುಬ್ಬು ಗಂಟಿಕ್ಕಿದ. "ಇದ್ಯಾವುದೋ ಹೊಸ ಜಾತಿ ವೈರಸ್. ಸಾಯಂಕಾಲ ಬಂದು ಕ್ಲೀನ್ ಮಾಡ್ಕೊಡ್ತೀನಿ."

"ಬೇಡ ಸಾರ್. ಅದು ಮತ್ತೆ ಬರಲ್ಲ."

"ಹಾಗೆಲ್ಲ ನಂಬಕ್ಕಾಗಲ್ಲ ಮೇಡಂ. ಒಳಗೇ ಕೂತಿರತ್ತೆ."

ಸಂಜೆ ಸೀನು ಫ್ಲಾಪಿಗಳ ಡಬ್ಬಿ ಹಿಡಿದು ಬಂದ. ಮೈತ್ರೇಯಿ ಕಾಫಿ ತಂದಿಟ್ಟು ಬಾಗಿಲಿಗೆ ಒರಗಿ ನಿಂತಳು. ಅವನು ಒಂದೊಂದೇ ಫ್ಲಾಪಿ ತೂರಿಸಿ ಕಂಪ್ಯೂಟರಿನ ಮೂಲೆ ಮೂಲೆ ಜಾಲಾಡಿದ. ಏನೂ ಸಿಗಲಿಲ್ಲ. ನಂಬದೆ ಇನ್ನೊಮ್ಮೆ ಜಾಲಾಡಿದ. ಕಾಫಿ ಆರಿ ಕೆನೆಗಟ್ಟಿತು.

"ಆಶ್ಚರ್ಯ ಕಣ್ರೀ. ಇದಕ್ಕೆ ವೈರಸ್ ಬಂದೇ ಇಲ್ಲ. ಹಾಗಾದ್ರೆ ಆ ಲೆಟರ್ರು..."

ಸೀನು ಬಾಗಿಲ ಕಡೆ ತಿರುಗಿದ. ಮೈತ್ರೇಯಿ ನೆಲ ನೋಡುತ್ತಿದ್ದಳು. ಮುಖ ಕಿವಿಯವರೆಗೂ ಕೆಂಪೇರಿತ್ತು.

ಸೀನು ಕನ್ನಡಕ ತೆಗೆದ, ಒರೆಸಿದ, ಮತ್ತೆ ಹಾಕಿಕೊಂಡ. ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದ.

"ಮೇಡಂ... ಇನ್ನೊಂದ್ಸಲ ಕಳಿಸ್ತೀರಾ?"